ಖಾಲಿ ಕಾಣುವ ಸೀಸೆ

"ಇದು ನನ್ನದಲ್ಲ" ಎಂದಳು ಗುಬ್ಬಿ.

ದೊಡ್ಡಮ್ಮ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ತಂಗಿಯ ಮಗಳನ್ನು ಅದರ ಮೇಲಿಂದ ನೋಡಿದರು. ವಿಮಾ ಕಂಪನಿಯ ತನಿಖಾ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ದುಡಿದು ನಿವೃತ್ತರಾದ ಆಕೆ ಈ ಮಾತನ್ನು ಸಾವಿರ ಬಾಯಿಂದ ಕೇಳಿದ್ದರು. ಸುಟ್ಟ ಗೋದಾಮಿನ ಮುಂದೆ ನಿಂತವರು ಹೇಳಿದ್ದರು, ಮುಳುಗಿದ ದೋಣಿಯ ಮಾಲೀಕರು ಹೇಳಿದ್ದರು, ಒಬ್ಬ ಮಹಾಶಯನಂತೂ ತನ್ನ ಬಾಯಲ್ಲೇ ಇದ್ದ ಚಿನ್ನದ ಹಲ್ಲಿನ ಬಗ್ಗೆ ಹೇಳಿದ್ದ. ಆದರೆ ಹಾಗೆ ಹೇಳುವಾಗ ಯಾರ ಮುಖವೂ ಹೀಗೆ ಅರಳಿರಲಿಲ್ಲ.

"ಸೀಸೆ ಇನ್ನೂ ಕೈಗೇ ತಗೊಂಡಿಲ್ಲ. ಅಷ್ಟು ದೂರದಿಂದ ಹೇಗೆ ಹೇಳ್ತೀಯ?"

"ಒಳಗಡೆ ಕಾಣ್ತಾ ಇದೆಯಲ್ಲ ದೊಡ್ಡಮ್ಮ."

"ಕಾಣೋದು ತಪ್ಪಾ?"

"ನನ್ನದು ಕಾಣಲ್ಲ."

ಕಿಟಕಿಯ ಕಟ್ಟೆಯ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಬಾಯಿ ತೆರೆದು ಕೂತಿತ್ತು. ಅದರೊಳಗೆ ಗುಬ್ಬಿಯ ನಾಲ್ಕು ವರ್ಷ: ಹಿಡಿ ಮುರಿದ ಕಾಫಿ ಲೋಟ, ಒಂದು ಜೊತೆ ಚಪ್ಪಲಿ, ಕ್ಯಾಲ್ಕುಲೇಟರು, ಯಾರೂ ಎತ್ತಿಕೊಂಡು ಹೋಗದಿರಲೆಂದು ಹೆಸರು ಬರೆದು ಅಂಟಿಸಿದ್ದ ಮಾರ್ಕರ್ ಪೆನ್ನುಗಳು. ಗೋಡೆಯ ಗಡಿಯಾರದಲ್ಲಿ ಹತ್ತೂ ಕಾಲು. ಹನ್ನೆರಡಕ್ಕೆ ಸಂಸ್ಥೆಯ ನಿರ್ದೇಶಕಿ ಒಂದು ಪತ್ರಕ್ಕೆ ಸಹಿ ಹಾಕುವವರಿದ್ದರು. ಒಳ್ಳೆಯ ಪ್ರೋಟೀನನ್ನು ತನ್ನ ಹತ್ತಿರ ಇಟ್ಟುಕೊಂಡು, ಹನ್ನೊಂದು ಲ್ಯಾಬ್‌ಗಳಿಗೆ ನಕಲಿ ಮಾಲು ಕಳಿಸಿದ ತಯಾರಕಿಯನ್ನು ಕೆಲಸದಿಂದ ತೆಗೆಯಲಾಗಿದೆ ಎಂದು ಅದರಲ್ಲಿ ಬರೆದಿತ್ತು. ಪತ್ರ ಎಲ್ಲ ಗಿರಾಕಿಗಳಿಗೂ ಹೋಗುತ್ತದೆ. ಹೋದ ಮೇಲೆ ಗುಬ್ಬಿಗೆ ಯಾವ ಲ್ಯಾಬಿನವರೂ ಗಾಜು ತೊಳೆಯುವ ಕೆಲಸವನ್ನೂ ಕೊಡುವುದಿಲ್ಲ.

ತನಿಖೆಗೆ ದೊಡ್ಡಮ್ಮನನ್ನು ಕರೆಸಿದ್ದು ನಿರ್ದೇಶಕಿಯೇ. ಸಂಬಂಧ ಗೊತ್ತಿದ್ದೇ ಕರೆಸಿದ್ದರು. ಸ್ವಂತ ದೊಡ್ಡಮ್ಮನೇ ತಪ್ಪು ಹುಡುಗಿಯದು ಎಂದು ಬರೆದುಕೊಟ್ಟರೆ ಆಮೇಲೆ ಯಾರೂ ತುಟಿ ಬಿಚ್ಚುವಂತಿಲ್ಲ ಎಂಬುದು ಅವರ ಎಣಿಕೆ. ದೊಡ್ಡಮ್ಮನಿಗೆ ಈ ಎಣಿಕೆ ಮೊದಲ ದಿನವೇ ಅರ್ಥವಾಗಿತ್ತು. ಸ್ವಲ್ಪ ಮೆಚ್ಚುಗೆಯೂ ಆಗಿತ್ತು.

"ವಾಪಸ್ ಬಂದ ಸೀಸೆ ಇದುವರೆಗೂ ನೀನು ನೋಡೇ ಇಲ್ವಾ?"

"ಬಿಡಬೇಕಲ್ಲ. ಎಲ್ಲ ಪ್ಯಾಕಿಂಗ್‌ನವರ ಬೀರುವಿನಲ್ಲಿವೆ. ಆರೋಪ ಇರೋರು ಮುಟ್ಟಬಾರದಂತೆ."

"ನೋಡಬಾರದು ಅಂತ ಎಲ್ಲಿದೆ?"

"ಬೀರುವಿಗೆ ಗಾಜಿಲ್ಲ ದೊಡ್ಡಮ್ಮ."

ದೊಡ್ಡಮ್ಮ ತಾವು ತಂದಿದ್ದ ಸೀಸೆಯನ್ನು ಬೆಳಕಿಗೆ ಹಿಡಿದರು. ಇಲ್ಲಿಯವರೆಲ್ಲ ವಯಲ್ ಎಂದು ಕರೆಯುವ, ಕಿರುಬೆರಳಿನಷ್ಟು ಗಾಜಿನ ಸೀಸೆ. ರಬ್ಬರ್ ಬಿರಡೆ, ಅದರ ಮೇಲೆ ತಗಡಿನ ಮುಚ್ಚಳ. ತಳದಲ್ಲಿ ಹತ್ತಿಯ ಎಳೆಯಂಥ ಬಿಳಿ ಪುಡಿ, ನೋಡಿದರೆ ಮುದ್ದು ಬರುವ ಹಾಗೆ.

"ಮೊದಲಿಂದ ಹೇಳು. ನಾನು ದಡ್ಡಿ ಅಂದ್ಕೋ."

"ಅಂದ್ಕೊಂಡೆ."

"ಇಷ್ಟು ಬೇಗ ಒಪ್ಕೋಬೇಡ್ವೇ."

ಗುಬ್ಬಿ ನಾಲ್ಕು ದಿನಗಳಲ್ಲಿ ಮೊದಲ ಸಲ ನಕ್ಕಳು. ಸ್ಟೂಲು ಎಳೆದುಕೊಂಡು ಕೂತು ಹೇಳತೊಡಗಿದಳು.

ಮೈಯೊಳಗೆ ಕಾವಲು ಕೋಶಗಳಿರುತ್ತವೆ. ಶತ್ರು ಎದುರಿಗೇ ಬಂದರೂ ಅವು ತಾವಾಗಿ ಕೈ ಎತ್ತುವುದಿಲ್ಲ. ಎರಡು ಅಪ್ಪಣೆ ಬೇಕು. ಮೊದಲನೆಯದು, ಇವನೇ ಅವನು ಎಂಬ ಗುರುತು. ಎರಡನೆಯದು, ಪಕ್ಕದಿಂದ ಬೆನ್ನು ತಟ್ಟಿ ಹೂಂ ನಡಿ ಎನ್ನುವ ಇನ್ನೊಂದು ಕೈ. ಗುರುತು ಸಿಕ್ಕಿ ಬೆನ್ನು ತಟ್ಟುವವರು ಬಾರದಿದ್ದರೆ ಕಾವಲು ಕೋಶ ಮುಸುಕು ಹಾಕಿಕೊಂಡು ಮಲಗಿಬಿಡುತ್ತದೆ. ಆಮೇಲೆ ಎಬ್ಬಿಸಿದರೂ ಏಳುವುದು ಕಷ್ಟ.

"ಸರ್ಕಾರಿ ಕಚೇರಿ ಇದ್ದ ಹಾಗೆ" ಎಂದರು ದೊಡ್ಡಮ್ಮ. "ಅರ್ಜಿ ಒಂದೇ ಸಾಲದು. ಒಳಗಿಂದ ಯಾರಾದರೂ ಒಂದು ಮಾತು ಹೇಳಬೇಕು."

"ಆ ಒಂದು ಮಾತೇ ನಾನು ಮಾಡೋ ಪ್ರೋಟೀನು."

ಮನುಷ್ಯನ ವಂಶವಾಹಿಯಿಂದ ಆ ಪ್ರೋಟೀನನ್ನು ಮಾಡುವ ವಿಧಾನದ ಸಾಲನ್ನಷ್ಟೇ ನಕಲು ಮಾಡಿ, ತೊಟ್ಟಿಯಲ್ಲಿ ಬೆಳೆಯುವ ಕೋಶಗಳೊಳಗೆ ಸೇರಿಸಿ, ಅವುಗಳ ಕೈಯಲ್ಲೇ ಮಾಡಿಸಿ, ಸೋಸಿ, ಒಣಗಿಸಿ ಸೀಸೆಗೆ ಇಳಿಸುವುದು ಗುಬ್ಬಿಯ ಕಸುಬು. ಔಷಧಿಯಲ್ಲ. ಸಂಶೋಧನೆಗೆ ಮಾತ್ರ ಎಂದು ಚೀಟಿಯ ಮೇಲೆಯೇ ಅಚ್ಚಾಗಿರುತ್ತದೆ. ಲ್ಯಾಬಿನವರು ತಟ್ಟೆಯಲ್ಲಿ ಕಾವಲು ಕೋಶಗಳನ್ನು ಹರಡಿ, ಇದನ್ನು ಬಿಟ್ಟು, ಏಳುತ್ತವೆಯೋ ಇಲ್ಲವೋ ನೋಡುತ್ತಾರೆ. ಹನ್ನೊಂದು ಲ್ಯಾಬ್‌ಗಳಲ್ಲಿ ಏಳಲಿಲ್ಲ.

"ನನ್ನ ಫ್ರೀಜರಿನಲ್ಲಿ ಉಳಿಸಿದ್ದ ಮಾದರಿ ಹಾಕಿ ನೋಡಿದರು. ಕೋಶಗಳು ಎದ್ದು ಕುಣಿದವು. ಅದೇ ನನಗೆ ಮುಳುವಾಯ್ತು. ಒಳ್ಳೇದು ಇಟ್ಕೊಂಡು ಕೆಟ್ಟದ್ದು ಕಳಿಸಿದ್ದೀಯ ಅಂದರು."

ಅವಳು ಎದ್ದು ಫ್ರೀಜರಿನಿಂದ ಇನ್ನೊಂದು ಸೀಸೆ ತಂದು ಪಕ್ಕದಲ್ಲಿಟ್ಟಳು. ದೊಡ್ಡಮ್ಮ ತಿರುಗಿಸಿದರು, ಅಲ್ಲಾಡಿಸಿದರು, ಕನ್ನಡಕ ತೆಗೆದು ನೋಡಿದರು, ಹಾಕಿ ನೋಡಿದರು.

"ಇದು ಖಾಲಿ ಕಣೇ."

"ಖಾಲಿ ಅಲ್ಲ. ಐವತ್ತು ಮೈಕ್ರೋಗ್ರಾಂ ಇದೆ."

"ಅಂದರೆ ಎಷ್ಟು?"

"ಪುಡಿ ಉಪ್ಪಿನ ಒಂದು ಹರಳು. ಒಂದೇ ಒಂದು. ಅದನ್ನ ನೀರಲ್ಲಿ ಕರಗಿಸಿ, ತಳಕ್ಕೆಲ್ಲ ಸವರಿ, ಒಣಗಿಸಿದ ಹಾಗೆ. ಗಾಜಿಗೆ ಅಂಟ್ಕೊಂಡು ಕೂತಿರುತ್ತೆ. ಬೇರೆ ಕಂಪನಿಯವರು ಕಣ್ಣಿಗೆ ಕಾಣಲಿ ಅಂತ ಏನೇನೋ ಸೇರಿಸ್ತಾರೆ. ನನ್ನದರಲ್ಲಿ ಪ್ರೋಟೀನ್ ಬಿಟ್ಟು ಬೇರೇನೂ ಇರಲ್ಲ. ಅದಕ್ಕೇ ಕೊಳ್ಳೋದು."

"ಖಾಲಿ ಕಳಿಸಿದ್ದೀರಿ ಅಂತ ಗಿರಾಕಿಗಳು ಜಗಳಕ್ಕೆ ಬರಲ್ವಾ?"

"ಬರದೇ ಏನು? ವಾರಕ್ಕೆ ಎರಡು ಫೋನು ಗ್ಯಾರಂಟಿ. ಒಬ್ಬರು ಬಿರಡೆ ತೆಗೆದು, ತಲೆಕೆಳಗು ಮಾಡಿ, ಅಂಗೈಗೆ ಬಡಿದು, ಏನೂ ಬೀಳಲಿಲ್ಲ ಅಂತ ಫೋನಲ್ಲೇ ಅತ್ತಿದ್ದರು. ಅದಕ್ಕೆ ಪ್ರತಿ ಪೆಟ್ಟಿಗೆಯಲ್ಲೂ ಒಂದು ಚೀಟಿ ಹಾಕಿಸಿದ್ದೆ. ಖಾಲಿ ಕಂಡರೆ ಗಾಬರಿ ಬೇಡ, ನೀರು ಹಾಕಿ ಹತ್ತು ನಿಮಿಷ ಕಾಯಿರಿ ಅಂತ. ಆದರೂ ಫೋನು ಬರ್ತಾನೇ ಇತ್ತು."

"ಕೊನೇದು ಯಾವಾಗ ಬಂತು?"

ಗುಬ್ಬಿ ಬೆರಳು ಮಡಚಿದಳು.

"ಎರಡು ತಿಂಗಳು ಆಗಿರಬೇಕು."

"ದೂರು ನಿಂತರೆ ಲೋಕ ಖುಷಿಪಡುತ್ತೆ" ಎಂದು ದೊಡ್ಡಮ್ಮ ಕೈಚೀಲದ ಜಿಪ್ಪು ಎಳೆದರು. "ನಮ್ಮಂಥೋರು ಚಪ್ಪಲಿ ಮೆಟ್ಟಿಕೊಳ್ತೀವಿ. ಇಲ್ಲಿಂದ ಹೊರಟ ಸೀಸೆ ಯಾರ್ಯಾರ ಕೈ ದಾಟುತ್ತೆ?"

ಬಿರಡೆ ಹಾಕುವುದು ಗುಬ್ಬಿ. ತಗಡಿನ ಮುಚ್ಚಳ, ಚೀಟಿ, ಪೆಟ್ಟಿಗೆ ಎಲ್ಲ ಕೆಳಗಿನ ಪ್ಯಾಕಿಂಗ್ ವಿಭಾಗದ್ದು. ಪ್ಯಾಕಿಂಗ್ ಮುಖ್ಯಸ್ಥರು ಬಂದು ಎರಡೂವರೆ ತಿಂಗಳು. ಅದಕ್ಕೆ ಮೊದಲು ಮುಖಕ್ಕೆ ಹಚ್ಚುವ ಪೌಡರ್ ತಯಾರಿಸುವ ಕಾರ್ಖಾನೆಯಲ್ಲಿದ್ದರು. ಆ ವಿಭಾಗದ ಬೀಗದ ಕೈ ನಿರ್ದೇಶಕಿಯ ಹತ್ತಿರ ಒಂದಿದೆ. ಮೇಷ್ಟ್ರ ಹತ್ತಿರ ಇನ್ನೊಂದು. ಮೇಷ್ಟ್ರು ಎಂದರೆ ಸಂಸ್ಥೆಯ ಸಲಹೆಗಾರರು, ಕಾಲೇಜಿನಲ್ಲಿ ಗುಬ್ಬಿಗೆ ಪಾಠ ಹೇಳಿದವರು, ಈ ಕೆಲಸಕ್ಕೆ ಅವಳನ್ನು ಸೇರಿಸಿದವರು.

"ಮೇಷ್ಟ್ರನ್ನ ಬಿಡಿ ದೊಡ್ಡಮ್ಮ. ಹನಿ ಅಳೆಯೋ ಪಿಪೆಟ್ ಹಿಡಿಯೋದು ಕಲಿಸಿದ್ದೇ ಅವರು."

"ಗೋದಾಮು ಸುಟ್ಟೋರಿಗೂ ಬೆಂಕಿಕಡ್ಡಿ ಗೀರೋದು ಯಾರೋ ಕಲಿಸಿರ್ತಾರೆ" ಎಂದು ದೊಡ್ಡಮ್ಮ ಬಾಗಿಲು ದಾಟಿದರು.

ಪ್ಯಾಕಿಂಗ್ ವಿಭಾಗ ಕಣ್ಣಿಗೆ ಹಬ್ಬವಾಗುವಷ್ಟು ಅಚ್ಚುಕಟ್ಟಾಗಿತ್ತು. ಥರ್ಮಾಕೋಲ್ ಪೆಟ್ಟಿಗೆಗಳು ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದವು. ಟೇಪಿನ ಉರುಳೆಗಳು ಬಣ್ಣದ ಪ್ರಕಾರ. ಒಣ ಮಂಜುಗಡ್ಡೆಯ ತೊಟ್ಟಿಯಿಂದ ಬಿಳಿ ಹೊಗೆ ಅಂಚು ದಾಟಿ ಇಳಿಯುತ್ತಿತ್ತು. ಮುಖ್ಯಸ್ಥರು ಕೈಗವಸು ಹಾಕಿಕೊಂಡು ಒಂದು ಪೆಟ್ಟಿಗೆಯ ಮೂಲೆಯನ್ನು ಒರೆಸುತ್ತಿದ್ದರು. ಅದು ಅದಾಗಲೇ ಹೊಳೆಯುತ್ತಿತ್ತು.

"ಎಷ್ಟು ಚಂದ ಇಟ್ಕೊಂಡಿದ್ದೀರಿ" ಎಂದರು ದೊಡ್ಡಮ್ಮ. ಮನಸಾರೆ ಹೇಳಿದ ಮಾತು.

"ಗಿರಾಕಿ ಮೊದಲು ಕೊಳ್ಳೋದು ಕಣ್ಣಿಂದ ಮೇಡಂ. ಆಮೇಲೆ ಬುದ್ಧಿಯಿಂದ. ಇಪ್ಪತ್ತು ವರ್ಷ ಪೌಡರ್ ಡಬ್ಬಿ ತುಂಬಿದ್ದೀನಿ. ಮುಚ್ಚಳ ತೆಗೆದ ತಕ್ಷಣ ಪುಡಿ ಕಂಠದವರೆಗೆ ಇರಬೇಕು. ಒಂದು ಗೆರೆ ಕಮ್ಮಿ ಕಂಡರೂ ಮನೆ ಹಾಳು."

ದೊಡ್ಡಮ್ಮ ತಲೆಯಾಡಿಸುತ್ತ ಸುತ್ತ ನೋಡಿದರು. ಉಗ್ರಾಣದ ಕಪಾಟಿನಲ್ಲಿ, ತಣ್ಣಗಿನ ಗಾಜಿನ ಬಾಗಿಲ ಹಿಂದೆ, ಒಂದು ದೊಡ್ಡ ಡಬ್ಬಿ. ಒಳಗೆ ಹತ್ತಿಯ ಎಳೆಯಂಥ ಬಿಳಿ ಪುಡಿ. ಹಕ್ಕಿ ಕುಕ್ಕಿದ ಹಾಗೆ ಒಂದು ಮೂಲೆಯಲ್ಲಿ ತಗ್ಗು ಬಿದ್ದಿತ್ತು.

"ಹನ್ನೆರಡಕ್ಕೆ ಸಭೆಗೆ ನೀವೂ ಬರ್ತೀರಲ್ಲ?"

"ಬರದೇ ಇರ್ತೀನಾ? ಪಾಪ, ಚಿಕ್ಕ ಹುಡುಗಿ" ಎಂದು ಅವರು ನಿಟ್ಟುಸಿರು ಬಿಟ್ಟರು. ಆ ನಿಟ್ಟುಸಿರು ನಿಜದ್ದು. ಅದೇ ದೊಡ್ಡಮ್ಮನನ್ನು ಮೆಟ್ಟಿಲ ಅರ್ಧದಲ್ಲಿ ಒಂದು ಗಳಿಗೆ ನಿಲ್ಲಿಸಿತು. ಕಳ್ಳರು ಕೆಮ್ಮುವುದನ್ನು, ಬೆವರುವುದನ್ನು, ಅಳುವುದನ್ನು ಅವರು ನೋಡಿದ್ದರು. ಮರುಕಪಡುವ ಕಳ್ಳನನ್ನು ನೋಡಿರಲಿಲ್ಲ.

ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು, ಐದು ಕುರ್ಚಿ, ಒಂದು ಪತ್ರ. ಪತ್ರದ ಮೇಲೆ ಪೆನ್ನು ಅಡ್ಡ ಮಲಗಿತ್ತು. ನಿರ್ದೇಶಕಿ ಲ್ಯಾಬಿನ ಬಿಳಿ ಕೋಟು ಕಳಚಿ ಹತ್ತು ವರ್ಷವಾಗಿತ್ತು. ಆದರೂ ಮಾತಾಡುವಾಗ ಇಲ್ಲದ ಕೋಟಿನ ಜೇಬಿಗೆ ಕೈ ಹಾಕಲು ಹೋಗುತ್ತಿದ್ದರು.

"ಮೇಡಂ, ನಿಮ್ಮ ವರದಿ ಒಂದು ಸಾಲಿನಲ್ಲಿ ಸಾಕು."

"ಒಂದು ಸಾಲಿಗೆ ಮುಂಚೆ ಒಂದು ಆಟ" ಎಂದರು ದೊಡ್ಡಮ್ಮ.

ಕೈಚೀಲದಿಂದ ಎರಡು ಸೀಸೆ ತೆಗೆದು ಮೇಜಿನ ನಡುವೆ ಇಟ್ಟರು. ಎರಡಕ್ಕೂ ಚೀಟಿ ಇರಲಿಲ್ಲ. ಒಂದರ ತಳದಲ್ಲಿ ಬಿಳಿ ಪುಡಿ. ಇನ್ನೊಂದರಲ್ಲಿ ಕಿಟಕಿಯ ಬೆಳಕು.

"ನಾನು ಗಿರಾಕಿ. ಈ ಹುಡುಗಿ ಮಾಡೋ ಪ್ರೋಟೀನ್ ಬೇಕು ಅಂತ ಬರೆದಿದ್ದೀನಿ. ಯಾವುದು ಕಳಿಸ್ತೀರಿ?"

ನಿರ್ದೇಶಕಿ ಎರಡನ್ನೂ ನೋಡಿ ಹುಬ್ಬು ಗಂಟಿಕ್ಕಿದರು. ಹತ್ತು ವರ್ಷದ ಹಿಂದಿನ ನೆನಪೊಂದು ಎಲ್ಲೋ ಕೈ ಎತ್ತುತ್ತಿರುವ ಹಾಗಿತ್ತು. ಮೇಷ್ಟ್ರು ಬಿಳಿ ಗಡ್ಡ ಸವರಿಕೊಂಡು ಮುಗುಳ್ನಕ್ಕರು.

"ನನ್ನನ್ನ ಕೇಳಬೇಡಿ ತಾಯಿ. ಕಣ್ಣಿಗೆ ಪೊರೆ ಬಂದಿದೆ. ಎರಡೂ ಒಂದೇ ಥರ ಕಾಣುತ್ತೆ."

"ಇದರಲ್ಲಿ ಕೇಳೋದೇನಿದೆ?" ಎಂದರು ಪ್ಯಾಕಿಂಗ್ ಮುಖ್ಯಸ್ಥರು. ಪುಡಿಯ ಸೀಸೆಯನ್ನು ಎರಡು ಬೆರಳಲ್ಲಿ ಎತ್ತಿ, ಬೆಳಕಿಗೆ ಹಿಡಿದು, ಮೆಚ್ಚಿ, ದೊಡ್ಡಮ್ಮನ ಮುಂದೆ ಇಟ್ಟರು. ಇನ್ನೊಂದನ್ನು ತೆಗೆದು, ಅದರ ಕಡೆ ನೋಡದೆಯೇ, ಪಕ್ಕದ ಕಸದ ಬುಟ್ಟಿಗೆ ಹಾಕಿದರು.

ಗುಬ್ಬಿ ಕುರ್ಚಿ ಬೀಳಿಸಿಕೊಂಡು ಎದ್ದಳು.

ಬುಟ್ಟಿಯ ಪ್ಲಾಸ್ಟಿಕ್ ಚೀಲದಲ್ಲಿ ಸೀಸೆ ಕೆಳಗಿಳಿದ ಸದ್ದು ಮಾತ್ರ ಕೇಳಿತು. ನಿರ್ದೇಶಕಿಯ ಮುಖದ ಬಣ್ಣ ನಿಧಾನವಾಗಿ ಬದಲಾಯಿತು.

"ನೀವು ಈಗ ಏನು ಮಾಡಿದಿರಿ?" ಎಂದು ಅವರು ಮೆಲ್ಲಗೆ ಕೇಳಿದರು.

"ಖಾಲಿದು ಬಿಸಾಕಿದೆ ಮೇಡಂ. ಯಾಕೆ?"

"ಗುಬ್ಬಿ, ಅದನ್ನ ಎತ್ಕೋ" ಎಂದರು ದೊಡ್ಡಮ್ಮ. "ನೀನು ತಂದಿರೋ ಪರೀಕ್ಷೆಯ ಕಾಗದದ ಪಟ್ಟಿ ತೆಗಿ. ಏನು ಮಾಡ್ತಾ ಇದ್ದೀಯ ಅಂತ ನನ್ನಂಥ ದಡ್ಡಿಗೂ ತಿಳಿಯೋ ಹಾಗೆ ಹೇಳ್ತಾ ಮಾಡು."

ಗುಬ್ಬಿ ಬಗ್ಗಿ ಬುಟ್ಟಿಯಿಂದ ಸೀಸೆ ಎತ್ತಿದಳು. ಪಿಪೆಟ್ ಹಿಡಿದಳು. ಎರಡೂ ಸೀಸೆಗೆ ಅಳೆದು ನೀರು ಬಿಟ್ಟಳು. ಅಲ್ಲಾಡಿಸಲಿಲ್ಲ. ಮಗುವನ್ನು ತೂಗುವ ಹಾಗೆ ಒಮ್ಮೆ ಹೊರಳಿಸಿ ಇಟ್ಟು, ಒಂದೊಂದರಲ್ಲೂ ಒಂದು ಪಟ್ಟಿ ಅದ್ದಿದಳು.

"ನಾವು ಮಾಡೋ ಪ್ರೋಟೀನಿಗೆ ಒಂದು ಚಿಕ್ಕ ಬಾಲ ಕಟ್ಟಿರ್ತೀವಿ. ಸೋಸುವಾಗ ಹಿಡ್ಕೊಳ್ಳೋಕೆ. ಈ ಪಟ್ಟಿ ಆ ಬಾಲ ಹುಡುಕುತ್ತೆ. ಬಾಲ ಸಿಕ್ಕರೆ ಇಲ್ಲಿ ಕೆಂಪು ಬರುತ್ತೆ. ಇಲ್ಲ ಅಂದರೆ ಬರಲ್ಲ. ಹತ್ತು ನಿಮಿಷ."

ಹತ್ತು ನಿಮಿಷ ಒಂದು ಕೋಣೆಯಲ್ಲಿ ಐದು ಜನ ಸುಮ್ಮನೆ ಕೂರುವುದು ಸುಲಭದ ಮಾತಲ್ಲ. ಆ ಹೊತ್ತನ್ನು ದೊಡ್ಡಮ್ಮ ವ್ಯರ್ಥ ಮಾಡಲಿಲ್ಲ.

"ಮೇಡಂ, ಈ ಹುಡುಗಿ ಮೋಸ ಮಾಡಿದ್ದಾಳೆ ಅಂತಲೇ ಇಟ್ಕೊಳ್ಳೋಣ. ಇವಳ ಪ್ರೋಟೀನು ಕಣ್ಣಿಗೆ ಕಾಣಲ್ಲ. ಅದು ಇವಳಿಗೆ ಗೊತ್ತು. ಹಾಗಿದ್ದ ಮೇಲೆ ಮೋಸ ಮಾಡೋಕೆ ಏನು ಕಳಿಸಬೇಕು?"

ಉತ್ತರ ನಿರ್ದೇಶಕಿಗೆ ಹೊಳೆದಿದ್ದು ಎಲ್ಲರಿಗೂ ಕಂಡಿತು.

"ಖಾಲಿ ಸೀಸೆ" ಎಂದರು ದೊಡ್ಡಮ್ಮ. "ನಿಜವಾಗಿ ಖಾಲಿ ಇರೋದು. ಒಂದು ಪೈಸೆ ಶ್ರಮ ಇಲ್ಲ. ಹೊರಗಿಂದ ನೋಡಿದರೆ ದೇವರಿಗೂ ವ್ಯತ್ಯಾಸ ಗೊತ್ತಾಗಲ್ಲ. ಅದು ಬಿಟ್ಟು ಪುಡಿ ಹುಡುಕಿ, ಅಳೆದು, ತುಂಬೋ ಕಷ್ಟ ಇವಳಿಗ್ಯಾಕೆ? ಪುಡಿ ಹಾಕೋದು, ಸೀಸೆಯಲ್ಲಿ ಪುಡಿ ಇರಲೇಬೇಕು ಅಂತ ನಂಬಿದವರು. ಬೆಳ್ಳಗಿರೋದೆಲ್ಲ ಹಾಲಲ್ಲ ಅನ್ನೋದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ."

ಪಟ್ಟಿಗಳ ಮೇಲೆ ಐದು ತಲೆ ಬಾಗಿದವು.

ಪುಡಿಯ ಸೀಸೆಯ ಪಟ್ಟಿ ಒಗೆದ ಬಟ್ಟೆಯಂತೆ ಬೆಳ್ಳಗಿತ್ತು. ಕಸದ ಬುಟ್ಟಿಯಿಂದ ಎದ್ದು ಬಂದ 'ಖಾಲಿ' ಸೀಸೆಯ ಪಟ್ಟಿಯ ಮೇಲೆ ಒಂದು ಕೆಂಪು ಗೆರೆ ಮೊದಲು ಅನುಮಾನದ ಹಾಗೆ, ಆಮೇಲೆ ಹಟದ ಹಾಗೆ ಮೂಡಿತು. ಗುಬ್ಬಿ ಅದನ್ನು ನೋಡಿದ ರೀತಿಯಲ್ಲಿ ಹೆತ್ತವರು ಅಂಕಪಟ್ಟಿಯನ್ನೂ ನೋಡುವುದಿಲ್ಲ.

ಪ್ಯಾಕಿಂಗ್ ಮುಖ್ಯಸ್ಥರು ಕುರ್ಚಿಯಲ್ಲಿ ಅರ್ಧಕ್ಕರ್ಧ ಆಗಿದ್ದರು.

"ಅದರಲ್ಲಿ ಇತ್ತಾ?" ಎಂದರು. "ಅಯ್ಯೋ. ಅದರಲ್ಲಿ ಇತ್ತಾ?"

"ಎಲ್ಲದರಲ್ಲೂ ಇತ್ತು ಸರ್" ಎಂದಳು ಗುಬ್ಬಿ.

"ನಾನು ಬಂದ ಎರಡನೇ ವಾರ ಒಂದು ಟ್ರೇ ಪೂರ್ತಿ ಖಾಲಿ ಬಂತಮ್ಮ. ನಿನ್ನ ಮಿಷನ್ ಕೈಕೊಟ್ಟಿರಬೇಕು, ಗೊತ್ತಾದರೆ ನಿನ್ನ ಕೆಲಸ ಹೋಗುತ್ತೆ, ಯಾಕೆ ಟಾಂಟಾಂ ಹೊಡೆಯೋದು ಅಂತ ನಾನೇ ಬೇರೆ ಸೀಸೆಗೆ ಪುಡಿ ತುಂಬಿ, ಸರಿ ಮಾಡಿ ಕಳಿಸಿದೆ. ಮುಂದಿನ ವಾರಾನೂ ಹಾಗೇ ಬಂತು. ಉಗ್ರಾಣದಲ್ಲಿ ದೊಡ್ಡ ಡಬ್ಬಿ ಇತ್ತಲ್ಲ. ಅದರ ಮೇಲೂ ಪ್ರೋಟೀನ್ ಅಂತಲೇ ಬರೆದಿದೆ."

"ಅದು ಹಸುವಿನ ರಕ್ತದ್ದು. ಚಮಚಗಟ್ಟಲೆ ಬಳಸ್ತೀವಿ. ತಟ್ಟೆ ಬಳಿಯೋಕೆ."

"ನನಗೇನು ಗೊತ್ತು. ಪ್ರೋಟೀನು ಪ್ರೋಟೀನೇ ತಾನೆ?"

ನಿರ್ದೇಶಕಿ ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡರು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆ ಎಂದು ಮೊದಲು ಎಲ್ಲರಿಗೂ ಅನ್ನಿಸಿತು. ಕೈ ತೆಗೆದಾಗ ನೋಡಿದರೆ ನಗು ತಡೆಯುತ್ತಿದ್ದರು.

"ಪೆಟ್ಟಿಗೆಯೊಳಗೆ ಒಂದು ಚೀಟಿ ಹಾಕಬೇಕಿತ್ತು. ಖಾಲಿ ಕಂಡರೆ ಗಾಬರಿ ಬೇಡ ಅಂತ. ಓದಲಿಲ್ವಾ?"

"ಅಂಥ ಚೀಟಿ ನಾನು ಒಂದೂ ನೋಡಿಲ್ಲ ಮೇಡಂ. ಬಂದಾಗ ಬರೀ ವಿಳಾಸದ ಚೀಟಿಗಳಿದ್ದವು."

ಗುಬ್ಬಿಗೆ ಈ ಮನುಷ್ಯನ ಮೇಲೆ ಕೂಗಾಡಬೇಕೋ, ಕೈ ಹಿಡಿದುಕೊಳ್ಳಬೇಕೋ ತಿಳಿಯಲಿಲ್ಲ. ಎರಡು ತಿಂಗಳು ಯಾರಿಗೂ ಹೇಳದೆ ತನ್ನ ಮಾನ ಕಾಪಾಡಿದ್ದರು. ಕಾಪಾಡಿ ಕಾಪಾಡಿಯೇ ಕುತ್ತಿಗೆಗೆ ತಂದಿದ್ದರು. ಕೊನೆಗೆ ಜಗ್ಗಿನಿಂದ ಒಂದು ಲೋಟ ನೀರು ಬಗ್ಗಿಸಿ ಅವರ ಮುಂದಿಟ್ಟಳು.

ನಿರ್ದೇಶಕಿ ಪತ್ರವನ್ನು ಎತ್ತಿಕೊಂಡರು. ಉದ್ದಕ್ಕೆ ಒಂದು ಸಲ ಹರಿದರು, ಅಡ್ಡಕ್ಕೆ ಒಂದು ಸಲ. ಅಷ್ಟಕ್ಕೆ ಸಮಾಧಾನವಾಗದೆ ಮತ್ತೊಂದು ಸಲ.

"ಹನ್ನೊಂದು ಲ್ಯಾಬಿಗೂ ಇವತ್ತೇ ಹೊಸ ವಯಲ್ ಹೋಗಬೇಕು. ಜೊತೆಗೆ ಇನ್ನೊಂದು ಪತ್ರ. ಅದನ್ನ ನಾನೇ ಬರೀತೀನಿ. ತಪ್ಪು ನಮ್ಮದು, ಪ್ರೋಟೀನು ಚಿನ್ನ ಅಂತ. ಯಾರು ಮಾಡಿದ್ದು ಅಂತ ನಿನ್ನ ಪೂರ್ತಿ ಹೆಸರು ಹಾಕ್ತೀನಿ. ಇನ್ನು ಮೇಲೆ ಯಾರಾದರೂ ಫೋನ್ ಮಾಡಿ ಖಾಲಿ ಅಂದರೆ ಲೈನು ನನಗೆ ಕೊಡು." ಹರಿದ ಚೂರುಗಳನ್ನು ಬುಟ್ಟಿಗೆ ಹಾಕಿ, "ನನ್ನ ಕಾಲದಲ್ಲಿ ನಾನೂ ಒಂದು ಖಾಲಿ ವಯಲ್ ಬಿಸಾಕಿದ್ದೆ. ನೆನಪೇ ಹಾರಿತ್ತು. ಆ ಪೆಟ್ಟಿಗೆಯಿಂದ ನಿನ್ನ ಲೋಟ ತೆಗೆದು ಮೊದಲಿದ್ದ ಕಡೆ ಇಡು" ಎಂದರು.

ಮೊದಲು ಚಪ್ಪಾಳೆ ತಟ್ಟಿದ್ದು ಮೇಷ್ಟ್ರು.

"ನನ್ನ ಶಿಷ್ಯೆ" ಎಂದು ಅವರು ಎದ್ದು ಗುಬ್ಬಿಯ ತಲೆಯ ಮೇಲೆ ಕೈಯಿಟ್ಟರು. ಅವಳಿಗೆ ಅಷ್ಟು ಹೊತ್ತು ಬಾರದಿದ್ದ ಅಳು ಆಗ ಬಂತು. ದೊಡ್ಡಮ್ಮ ಕನ್ನಡಕ ಒರೆಸುವ ನೆವದಲ್ಲಿ ಬೇರೆಡೆ ತಿರುಗಿದರು. ಮೂರು ಸಾವಿರ ಪ್ರಕರಣ ಮುಗಿಸಿದ ಆಕೆಗೆ ಗೆದ್ದ ಪ್ರಕರಣದ ರುಚಿ ಹೊಸದಲ್ಲ. ಮನೆಯವರಿಗಾಗಿ ಗೆದ್ದಿದ್ದು ಮಾತ್ರ ಇದೇ ಮೊದಲು. ರುಚಿ ಬೇರೆಯೇ ಇತ್ತು.

ಮೇಷ್ಟ್ರು ಗಂಟಲು ಸರಿಪಡಿಸಿಕೊಂಡರು. "ಒಂದು ಮಾತು. ಇಷ್ಟೆಲ್ಲ ಆದ ಮೇಲೆ ತಾಯಿಕೋಶಗಳು ನೆಲಮಾಳಿಗೆಯಲ್ಲಿ ಹಾಗೇ ಬಿದ್ದಿರೋದು ಸರಿಯಲ್ಲ. ನಿಮ್ಮ ಬೀಗದ ಕೋಣೆಗೆ ತರಿಸಿಬಿಡಿ."

ತಾಯಿಕೋಶವೆಂದರೆ ಆ ಪ್ರೋಟೀನನ್ನು ಮಾಡಲು ಕಲಿತ ಮೊದಲ ಕೋಶಗಳ ಬೀಜ. ಅದರಿಂದಲೇ ಪ್ರತಿ ಸಲ ಹೊಸ ತೊಟ್ಟಿ ಎಬ್ಬಿಸುವುದು. ಅಂಥವು ಆರೇ ನಳಿಗೆ, ಒಂದೇ ಡಬ್ಬಿಯಲ್ಲಿ, ದ್ರವ ಸಾರಜನಕದ ಒಂದೇ ಪೀಪಾಯಿಯಲ್ಲಿ. ಎರಡನೆಯ ಪೀಪಾಯಿಗೆ ಒಪ್ಪಿಗೆ ಎರಡು ವರ್ಷದಿಂದ ಬರುತ್ತಲೇ ಇತ್ತು. ಅದೊಂದು ಡಬ್ಬಿ ಹೋದರೆ ಗುಬ್ಬಿಯ ನಾಲ್ಕು ವರ್ಷವೂ ಹೋದಂತೆ.

"ಒಳ್ಳೇ ಮಾತು" ಎಂದರು ನಿರ್ದೇಶಕಿ. "ಹೋಗಮ್ಮ, ತಗೊಂಡು ಬಾ."

"ನಡಿ, ನಾನೂ ಬರ್ತೀನಿ. ಪೀಪಾಯಿ ಮುಚ್ಚಳ ಭಾರ" ಎಂದರು ಮೇಷ್ಟ್ರು.

ಅವರಿಬ್ಬರೂ ಹೋದರು. ನಿರ್ದೇಶಕಿ ಹೊಸ ಪತ್ರ ಬರೆಯಲು ಕೂತರು. ದೊಡ್ಡಮ್ಮ ವರದಿಯ ಹಾಳೆ ತೆಗೆದರು. ವರದಿಯಲ್ಲಿ ಒಂದು ಮನೆ ಭರ್ತಿಯಾಗದೆ ಉಳಿದರೂ ಅವರಿಗೆ ಊಟ ಸೇರುತ್ತಿರಲಿಲ್ಲ.

"ಕೊನೇ ಪ್ರಶ್ನೆ ಸರ್. ಆ ಮೊದಲನೇ ಟ್ರೇ. ಅದು ಖಾಲಿ ಅಂತ ನೀವೇ ಕಂಡುಹಿಡಿದಿರಾ?"

"ನನಗೆಲ್ಲಿ ಅಷ್ಟು ಧೈರ್ಯ, ಹೊಸಬ. ಹೀಗೇ ಇರುತ್ತೇನೋ ಅಂದ್ಕೊಂಡಿದ್ದೆ." ಮುಖ್ಯಸ್ಥರು ಲೋಟ ಕೆಳಗಿಟ್ಟರು. "ಅವರೇ ಬಂದು ನೋಡಿ, ಪಾಪ, ಖಾಲಿ ಬಂದಿದೆ ಅಂದರು. ಡಬ್ಬಿ ತೋರಿಸಿಕೊಟ್ಟಿದ್ದೂ ಅವರೇ. ಹುಡುಗಿಗೆ ಗೊತ್ತಾದರೆ ನೊಂದ್ಕೊಳ್ತಾಳೆ, ನಮ್ಮಿಬ್ಬರಲ್ಲೇ ಇರಲಿ ಅಂದಿದ್ರು. ಅದಕ್ಕೇ ಇಷ್ಟು ಹೊತ್ತು ಅವರ ಹೆಸರು ಎತ್ತಲಿಲ್ಲ. ಈಗಲಾದರೂ ಅವರೇ ಹೇಳಲಿ ಅಂತ ನೋಡ್ತಾ ಇದ್ದೆ."

ಎತ್ತು ಈಯಿತು ಎಂದರೆ ಕರುವನ್ನು ಕಟ್ಟಲು ಹಗ್ಗ ತರುವ ಜನ ಇದ್ದಾರೆ. ಅವರಿಗೆ ಸುದ್ದಿ ತಂದವನನ್ನು ಹುಡುಕಬೇಕು. ದೊಡ್ಡಮ್ಮನ ಪೆನ್ನು ಕಾಗದದ ಮೇಲೆ ನಿಂತಿತು.

"ಖಾಲಿ ಸೀಸೆಗಳನ್ನ ಏನು ಮಾಡ್ತಿದ್ರಿ?"

"ನಾನೇನೂ ಮಾಡ್ತಿರಲಿಲ್ಲ. ಅದನ್ನೂ ಮೇಷ್ಟ್ರೇ, ಪ್ರತಿ ಶುಕ್ರವಾರ ಬಂದು ಚೀಲಕ್ಕೆ ತುಂಬ್ಕೊಂಡು ಹೋಗ್ತಿದ್ರು. ನಾನೇ ಬಿಸಾಕ್ತೀನಿ ಬಿಡಿ ಅಂತ. ಅಷ್ಟು ದೊಡ್ಡ ಮನುಷ್ಯ, ಒಂಚೂರು ಜಂಬ ಇಲ್ಲ."

ದೊಡ್ಡಮ್ಮ ಮೇಜಿನ ಆಚೆ ನೋಡಿದರು. ಎರಡು ಕುರ್ಚಿ ಖಾಲಿ. ಈ ಸಲ ನಿಜವಾಗಿಯೂ.

ಅರವತ್ತು ದಾಟಿದ ಮಂಡಿಗೆ ಮೂವತ್ತೆರಡು ಮೆಟ್ಟಿಲು ಕಡಿಮೆಯಲ್ಲ. ಆ ದಿನ ಅವು ಇದ್ದವೆಂದೇ ದೊಡ್ಡಮ್ಮನಿಗೆ ತಿಳಿಯಲಿಲ್ಲ. ನೆಲಮಾಳಿಗೆಯ ಬಾಗಿಲು ತೆರೆದೇ ಇತ್ತು. ಪೀಪಾಯಿಯ ಪಕ್ಕ, ಮೊಣಕಾಲವರೆಗೆ ಬಿಳಿ ಆವಿಯಲ್ಲಿ, ದಪ್ಪನೆಯ ಕೈಗವಸು ಹಾಕಿಕೊಂಡು ಗುಬ್ಬಿ ಒಬ್ಬಳೇ ನಿಂತಿದ್ದಳು. ಏನೋ ಗುನುಗುತ್ತಿದ್ದಳು.

"ಮೇಷ್ಟ್ರೆಲ್ಲಿ?"

"ಆಗಲೇ ಹೊರಟರಲ್ಲ. ಹಿಂದಿನ ಬಾಗಿಲಲ್ಲಿ ಕಾರು ನಿಂತಿತ್ತು."

"ಡಬ್ಬಿ?"

"ಅವರ ಕೈಲೇ ಕೊಟ್ಟೆ."

"ಮೇಲಿನ ಕೋಣೆಗೆ ತಾ ಅಂದಿದ್ದರು ಗುಬ್ಬಿ. ಅವರ ಕೈಗೆ ಕೊಡು ಅಂದವರು ಯಾರು?"

ಗುಬ್ಬಿಯ ಗುನುಗು ನಿಂತಿತು. "ನೀವೇ ಅಲ್ವಾ ದೊಡ್ಡಮ್ಮ?" ಎಂದಳು. ಕೈಗವಸು ಕಳಚಿ, ಕೋಟಿನ ಜೇಬಿನಿಂದ ಒಂದು ಕಾಗದ ತೆಗೆದು ಚಾಚಿದಳು. "ನಿಮ್ಮ ಸಹಿ ನನಗೆ ಗೊತ್ತಿಲ್ವಾ? ನನ್ನ ಶಾಲೆಯ ಅಂಕಪಟ್ಟಿಯ ಮೇಲೆಲ್ಲ ಇದೇ ಇತ್ತು. ಅದು ನೋಡಿಯೇ ಕೊಟ್ಟೆ."

ವಿಮಾ ಕಂಪನಿಯ ಮುದ್ರೆಯಿದ್ದ ಹಾಳೆ. ಒಂದೇ ಸಾಲು: ತಾಯಿಕೋಶಗಳ ಡಬ್ಬಿಯನ್ನು ಈ ಪತ್ರ ತಂದವರ ವಶಕ್ಕೆ ಕೊಡತಕ್ಕದ್ದು. ಕೆಳಗೆ ಸಹಿ.

ನಕಲಿ ಸಹಿ ಹಿಡಿಯುವುದರಲ್ಲೇ ಅರ್ಧ ಆಯುಷ್ಯ ಕಳೆದ ಆಕೆ ಅದನ್ನು ಎರಡು ಸಲ ನೋಡಿದರು. ನಕಲಿಯಲ್ಲ. ಅವರೇ ಹಾಕಿದ್ದು. ಕಂಪನಿಯ ಕಾಗದಗಳಿಗೂ ಗುಬ್ಬಿಯ ಅಂಕಪಟ್ಟಿಗಳಿಗೂ ಹಾಕುತ್ತಿದ್ದ ಉದ್ದನೆಯ ಸಹಿ. ಆರು ವರ್ಷದ ಹಿಂದೆ, ನಿವೃತ್ತಿಯ ದಿನ, ಬಾಕಿ ಕಾಗದಗಳಿಗೆಂದು ಕೆಲವು ಖಾಲಿ ಹಾಳೆಗಳ ಮೇಲೆ ಅದನ್ನು ಹಾಕಿ, ಕುರ್ಚಿಯ ಜೊತೆ ಅಲ್ಲೇ ಬಿಟ್ಟು ಬಂದಿದ್ದರು.

ಮೇಲಿನ ಸಾಲಿನ ಮೇಲೆ ಬೆರಳಾಡಿಸಿದರು. ಶಾಯಿ ಇನ್ನೂ ಹಸಿಯಾಗಿತ್ತು, ಬೆರಳಿಗೆ ಅಂಟಿತು. ಸಹಿಯ ಶಾಯಿಗೆ ಆರು ವರ್ಷವಾಗಿತ್ತು.